ಸಾರ್ ಏನಂದ್ರು?

ನನಗೆ ಸ್ಕೂಟರ್ ಕೂಡ ಓಡಿಸಲು ಬರುವುದಿಲ್ಲ. ಆದರೆ ಎರಡು ಕಾರ್ಬ್ಯುರೇಟರುಗಳನ್ನು ಒಂದೇ ಲಯಕ್ಕೆ ತರುವುದು ಹೇಗೆ, ವಾಲ್ವ್ ಸಂದು ಹೊಂದಿಸುವ ಮೊದಲು ಎಂಜಿನ್ ಯಾಕೆ ತಣ್ಣಗಿರಬೇಕು, ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದಿಟ್ಟು ಹೋದರೆ ಏನಾಗುತ್ತದೆ ಅಂತ ಕೇಳಿ, ಒಂದೇ ಉಸಿರಿಗೆ ಹೇಳುತ್ತೇನೆ. ಇದನ್ನೆಲ್ಲ ನಾನು ಇಷ್ಟಪಟ್ಟು ಕಲಿತದ್ದಲ್ಲ. ಗಂಡನ ಮಾತು ನಿಂತುಹೋದ ಮೇಲೆ ಆ ಮಾತನ್ನು ಯಾರಾದರೂ ಹೊರಬೇಕಿತ್ತು, ನಾನು ಹೊತ್ತೆ, ಅಷ್ಟೆ.

ನಾವು ಮಂಡ್ಯದ ಕಡೆಯವರು. ಮದುವೆಯಾದ ಹೊಸತರಲ್ಲಿ ಇವರಿಗೆ ಚೆನ್ನೈಯ ಅಂಬತ್ತೂರಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿತು, ವಡಪಳನಿಯಲ್ಲಿ ಮನೆ ಮಾಡಿದೆವು. ನಮ್ಮ ಬೀದಿಯ ಹಿಂದೆ ಮುಚ್ಚಿಹೋದ ಒಂದು ಸ್ಟುಡಿಯೋ ಶೆಡ್ಡು. ಅದರೊಳಗೆ ಶೂಟಿಂಗಿಗೆ ಅಂತ ಯಾವುದೋ ಕಾಲದಲ್ಲಿ ತರಿಸಿದ ವಿದೇಶಿ ಸ್ಪೋರ್ಟ್ಸ್ ಕಾರು ಬಿದ್ದಿತ್ತು. ಎರಡೇ ಸೀಟು, ಬೆನ್ನ ಹಿಂದೆ ಎಂಜಿನ್ನು. ಹೀರೋಗಳು ಇಳಿದು ಹೋದ ಮೇಲೆ ಅದರಲ್ಲಿ ಕೋಳಿಗಳು ಕೂರುತ್ತಿದ್ದವು. ಇವರು ಅದನ್ನು ಕೊಂಡು ತಳ್ಳಿಸಿಕೊಂಡು ಮನೆಗೆ ತಂದಾಗ ನಾನು ಬಸುರಿ. ಮೂರನೆಯವರನ್ನು ಎಲ್ಲಿ ಕೂರಿಸುತ್ತೀರಿ ಅಂತ ಕೇಳಿದೆ. ಊರಿಂದ ಬಂದಿದ್ದ ನಮ್ಮಮ್ಮ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಅಡುಗೆಮನೆಯಲ್ಲೇ ಅಂದಳು, ಇವರಿಗೆ ಕೇಳಿಸುವ ಹಾಗೆ. ಇವರು ನಕ್ಕು ಸ್ಪ್ಯಾನರ್ ಹಿಡಿದು ಕೆಳಗೆ ಹೋದರು. ಮಗಳು ಹೈಸ್ಕೂಲಿಗೆ ಬರುವ ಹೊತ್ತಿಗೆ ಆ ಕಾರು ಓಡತೊಡಗಿತು.

ಇಂಥದ್ದೇ ಕಾರು ಇಟ್ಟುಕೊಂಡ ಹುಚ್ಚರು ದಕ್ಷಿಣದಲ್ಲಿ ಬೆರಳೆಣಿಕೆಯಷ್ಟು ಮಂದಿ ಇದ್ದಾರೆ. ಭಾಗಗಳು ಸಿಗುವುದಿಲ್ಲ, ಕೈಪಿಡಿ ಸಿಕ್ಕರೆ ಅದು ಹಿಮ ಬೀಳುವ ದೇಶದವರಿಗೆ ಬರೆದದ್ದು. ಹಾಗಾಗಿ ಒಬ್ಬರಿಗೊಬ್ಬರೇ ಗತಿ. ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿಕೊಂಡರು. ಚೆನ್ನೈಯವರು ಭಾನುವಾರ ಬೆಳಿಗ್ಗೆ ಎಗ್ಮೋರಿನ ಒಂದು ಹೋಟೆಲಿನ ಮುಂದೆ ಕಾರು ನಿಲ್ಲಿಸಿ, ಇಡ್ಲಿ ತಿಂದು, ಹಿಂದಿನ ಎಂಜಿನ್ ಮುಚ್ಚಳ ಎತ್ತಿ ಮಾತಾಡುತ್ತಾ ನಿಲ್ಲುತ್ತಿದ್ದರು. ಹೋಟೆಲಿನ ಯಜಮಾನರು ಕುಂದಾಪುರದ ಕಡೆಯವರು, ಅವರದ್ದೂ ಇದೇ ಕಾರು. ಅಪ್ಪನ ಕಾಲದ ಹೋಟೆಲನ್ನು ತಮ್ಮನಿಗೆ ಬಿಟ್ಟು ತಾವು ಕಾರಿನ ಕೆಳಗೆ ಮಲಗಿರುತ್ತಾರೆ ಅಂತ ಅವರ ಹೆಂಡತಿಯ ದೂರು.

ಆ ಗುಂಪಿನಲ್ಲಿ ಒಂದು ಕಟ್ಟಳೆ ಬೆಳೆದಿತ್ತು. ಯಾರ ಕಾರಿಗೆ ಏನೇ ಆಗಲಿ, ಒಂದು ನಟ್ಟು ಸಡಿಲಿಸುವ ಮೊದಲು ಉಳಿದವರು ಕೇಳುತ್ತಿದ್ದದ್ದು ಒಂದೇ: ‘ಸಾರ್ ಏನಂದ್ರು?’ ಸಾರ್ ಅಂದರೆ ನಮ್ಮವರು. ಸಾರನ್ನು ಕೇಳದೆ ಬಿಚ್ಚಿದವನು ಕೆಟ್ಟ ಅಂತಲೇ ಲೆಕ್ಕ. ಇವರ ಉತ್ತರವೂ ಗೊಣಗಾಟದ ಜೊತೆಗೇ ಬರುತ್ತಿತ್ತು. ಮುಟ್ಟಬೇಡಿ, ಮೊದಲು ಎಂಜಿನ್ ಆರಲಿ. ಆಯಿಲ್ ಸೋರುವುದು ಕಾಯಿಲೆಯಲ್ಲ, ಸೋರದಿದ್ದರೆ ಹೆದರಿ. ನಿಮ್ಮ ಕಾರಿಗೇನೂ ಆಗಿಲ್ಲ, ನಿಮ್ಮ ಕಾಲು ಕ್ಲಚ್ಚಿನ ಮೇಲೆ ಮಲಗಿರುತ್ತದೆ. ಬೈಸಿಕೊಂಡವರು ಕೈಮುಗಿದ ಚಿತ್ರ ಕಳಿಸುತ್ತಿದ್ದರು.

ಕಾರ್ಖಾನೆಯಲ್ಲಿ ಇವರ ಮಾತನ್ನು ಕೇಳಿದವರಿಲ್ಲ. ಇವರ ಕೈಕೆಳಗೆ ಕಲಿತವರು ಇವರ ಮೇಲಧಿಕಾರಿಗಳಾದರು. ಮನೆಯಲ್ಲೂ, ನಿಜ ಹೇಳಬೇಕೆಂದರೆ, ನಾನು ಹೇಳಿದ್ದೇ ನಡೆಯುತ್ತಿತ್ತು. ಇವರ ಮಾತಿಗೆ ಬೆಲೆಯಿದ್ದದ್ದು ಆ ಗುಂಪಿನಲ್ಲಿ ಮಾತ್ರ. ಭಾನುವಾರ ಎಗ್ಮೋರಿನಿಂದ ಮರಳುವಾಗ ಇವರ ನಡಿಗೆಯೇ ಬೇರೆಯಾಗಿರುತ್ತಿತ್ತು.

ನಿವೃತ್ತಿಗೆ ಸ್ವಲ್ಪ ಮುಂಚೆ, ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತವರು ಹಾಗೇ ಗೋಡೆಗೆ ಜಾರಿದರು. ಸ್ಟ್ರೋಕು. ಬಲಗೈ, ಬಲಗಾಲು ಹೋಯಿತು. ಮಾತು ಹೋಯಿತು, ಓದು ಹೋಯಿತು. ಬಾಯಲ್ಲಿ ಉಳಿದದ್ದು ‘ಅದೇ’ ಅನ್ನುವ ಒಂದು ಪದ. ನೀರು ಬೇಕಾದರೂ ಅದೇ, ನೋವಾದರೂ ಅದೇ, ಮಗಳನ್ನು ಕರೆಯುವುದಕ್ಕೂ ಅದೇ. ಆಸ್ಪತ್ರೆಯಲ್ಲಿ ಮಾತು ಕಲಿಸುವ ಹೆಣ್ಣುಮಗಳು ಎಡಗೈಗೆ ಎರಡು ಸನ್ನೆ ಕಲಿಸಿದಳು. ಹೌದು ಅಂದರೆ ಹೆಬ್ಬೆರಳು ಮೇಲೆ. ಇಲ್ಲ ಅಂದರೆ ಅಂಗೈ ಅಡ್ಡಡ್ಡ. ಇದು ಕಾಫಿಯೇ, ಇದು ಬಾಚಣಿಗೆಯೇ ಅಂತ ಅವಳು ತಮಿಳಿನಲ್ಲೂ ನಾನು ಕನ್ನಡದಲ್ಲೂ ಕೇಳಿದ್ದೇ ಕೇಳಿದ್ದು. ಇವರು ಗೋಡೆಯ ಕಡೆ ತಿರುಗಿಬಿಡುತ್ತಿದ್ದರು. ಬಾಚಣಿಗೆಯನ್ನು ಗುರುತಿಸಿ ಬದುಕಬೇಕಾದಷ್ಟು ಆಸೆ ಅವರಿಗಿರಲಿಲ್ಲ ಅಂತ ನನಗೆ ಈಗ ಅನ್ನಿಸುತ್ತದೆ.

ಒಮ್ಮೆ ಹೋಟೆಲ್ ಯಜಮಾನರು ನೋಡಲು ಬಂದರು. ಮೊದಮೊದಲು ಅಯ್ಯೋ ಪಾಪ ಅನ್ನುವ ಮುಖ ಹೊತ್ತು ಕುಳಿತಿದ್ದವರು, ಏನೂ ತೋಚದೆ ತಮ್ಮ ಕಾರಿನ ವಿಚಾರ ಎತ್ತಿದರು. ಫ್ಲೈಓವರ್ ಹತ್ತುವಾಗ ಬಿಕ್ಕಳಿಸಿ ನಿಲ್ಲುತ್ತದೆ, ಪ್ಲಗ್ಗು ಬದಲಾಯಿಸಲೇ ಅಂದರು. ಇವರ ತಲೆ ಗೋಡೆಯಿಂದ ಇತ್ತ ತಿರುಗಿತು. ಅಂಗೈ ಅಡ್ಡ ಆಡಿತು. ಪೆಟ್ರೋಲ್ ಪಂಪೇ ಅಂತ ಕೇಳಿದರು, ಮತ್ತೆ ಅಡ್ಡ. ಪೆಟ್ರೋಲಿನ ಜಾಲರಿ ಕಟ್ಟಿದೆಯೇ ಅಂತ ಕೇಳಿದ ತಕ್ಷಣ ಹೆಬ್ಬೆರಳು ಎದ್ದಿತು. ಸಂಜೆ ಎಗ್ಮೋರಿನಿಂದ ಫೋನು: ಜಾಲರಿ ತೊಳೆದೆ, ಕುದುರೆ ಹಾಗೆ ಹತ್ತುತ್ತಿದೆ. ಆ ಸಂಜೆ ನಾನು ಶಾವಿಗೆ ಪಾಯಸ ಮಾಡಿದೆ. ಇವರು ಎರಡು ಲೋಟ ಕುಡಿದರು, ಅರ್ಧ ಗಲ್ಲದ ಮೇಲೆ ಇಳಿಯಿತು, ಇಳಿಯಲಿ ಬಿಡಿ.

ಅಲ್ಲಿಂದ ಬೆಳಗಿನ ಹೊತ್ತು ಗುಂಪಿಗೆ ಮೀಸಲಾಯಿತು. ಟೈಪ್ ಮಾಡುವುದು ನಾನು ಅಂತ ಎಲ್ಲರಿಗೂ ಗೊತ್ತಿತ್ತು. ಹೌದು ಇಲ್ಲ ಅಂತ ಉತ್ತರಿಸಬಹುದಾದ ಹಾಗೆ ಕೇಳಬೇಕು ಅಂತ ಯಜಮಾನರು ಎಲ್ಲರಿಗೂ ತಾಕೀತು ಮಾಡಿದರು. ಇಂಗ್ಲಿಷಿನಲ್ಲೋ ತಮಿಳಿನಲ್ಲೋ ಬಂದ ಪ್ರಶ್ನೆಯನ್ನು ನಾನು ಕನ್ನಡ ಮಾಡಿ ಓದುತ್ತಿದ್ದೆ, ಗೊತ್ತಿಲ್ಲದ ಪದಕ್ಕೆ ಮಗಳನ್ನು ಕೂಗುತ್ತಿದ್ದೆ. ಇವರು ಕಣ್ಣು ಮುಚ್ಚಿ ಕೇಳಿ, ತಡೆದು, ಕೈ ಎತ್ತುತ್ತಿದ್ದರು. ಬೇರೆ ಯಾವ ವ್ಯಾಯಾಮಕ್ಕೂ ಬಗ್ಗದವರು ಇದಕ್ಕಾಗಿ ಹಾಸಿಗೆಯಿಂದ ಕುರ್ಚಿಗೆ ಬಂದರು. ಗಡ್ಡ ಹೆರೆಸಿಕೊಂಡರು. ಲುಂಗಿ ಬನಿಯನ್ನಿನಲ್ಲಿ ಕೂರಲು ಒಪ್ಪದೆ ಶರ್ಟು ತೋರಿಸಿದರು. ಆ ಒಂದು ಗಳಿಗೆಗೋಸ್ಕರ ಈ ಮನುಷ್ಯ ಬದುಕಿದ್ದಾನೆ ಅಂತ ನನಗೆ ಸ್ಪಷ್ಟವಾಗಿ ಗೊತ್ತಾಯಿತು. ಅದು ತಪ್ಪಿದರೆ ಹಿಡಿದುಕೊಳ್ಳಲು ಇನ್ನೇನೂ ಇರಲಿಲ್ಲ.

ಮಗಳು ಚೆನ್ನೈಯಲ್ಲೇ ಹುಟ್ಟಿ ಬೆಳೆದವಳು. ನಾನು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ. ಕೆಲಸಕ್ಕೆ ಹೊರಟವಳು ಒಂದು ದಿನ ಬಾಗಿಲಲ್ಲಿ ನಿಂತು ನೋಡಿ, ‘ಅಮ್ಮಾ, ಅಪ್ಪಾ ಎಲ್ಲಾತ್ತುಕ್ಕುಮೇ ಓಕೇನು ದಾನ್ ಕಾಟ್ರಾರ್’ ಅಂದಳು. ಅಪ್ಪ ಎಲ್ಲದಕ್ಕೂ ಸರಿ ಅಂತಲೇ ತೋರಿಸುತ್ತಾರೆ ಅಂತ ಅವಳ ಮಾತು. ನನಗೆ ರೇಗಿತು. ನಿಮ್ಮಪ್ಪನ ತಲೆಯಲ್ಲಿರುವುದು ನಿನಗೇನು ಗೊತ್ತು, ಬಾಯಿ ಮುಚ್ಚಿಕೊಂಡು ಹೋಗು ಅಂದೆ. ಹೋದಳು. ಕಾಫಿಯ ವಿಷಯದಲ್ಲಿ, ಸ್ನಾನದ ವಿಷಯದಲ್ಲಿ ಕೈ ತಪ್ಪುತ್ತದೆ, ಕಾರಿನ ವಿಷಯದಲ್ಲಿ ತಪ್ಪುವುದಿಲ್ಲ ಅಂತ ನಾನು ನಂಬಿದ್ದೆ.

ಕೊಯಮತ್ತೂರಿನಲ್ಲಿ ಗುಂಪಿನ ಒಬ್ಬ ಡಾಕ್ಟರಿದ್ದಾರೆ. ದೀಪಾವಳಿಗೆ ಮುಂಚೆ ಅವರು ತಮ್ಮ ಕಾರಿನಲ್ಲಿ ಚೆನ್ನೈಗೆ ಹೊರಟಿದ್ದರು. ನಡುದಾರಿಯಿಂದ ಕೇಳಿದರು: ಎಂಜಿನ್ ಕಾದಾಗ ಆಯಿಲ್ ದೀಪ ಮಿಣಕ್ ಮಿಣಕ್ ಅನ್ನುತ್ತಿದೆ, ಹೀಗೇ ಓಡಿಸಿಕೊಂಡು ಬರಬಹುದೇ? ನಾನು ಓದಿದೆ. ಇವರು ಕಣ್ಣು ಮುಚ್ಚಿದರು, ಹೆಬ್ಬೆರಳು ಎತ್ತಿದರು. ಹೌದು ಅಂತ ಕಳಿಸಿದೆ. ಚೆನ್ನೈ ಮುಟ್ಟಿದಿರಾ ಅಂತ ಸಂಜೆ ಕೇಳಿದ್ದಕ್ಕೆ ಡಾಕ್ಟರ್ ಕೈಮುಗಿದ ಚಿತ್ರ ಕಳಿಸಿದರು. ಮುಟ್ಟಿದರು ಅಂದುಕೊಂಡೆ.

ಹಬ್ಬ ಕಳೆದ ಮೇಲೆ ಪ್ರಶ್ನೆಗಳು ಇನ್ನೂ ಕ್ರಮವಾಗಿ ಬರತೊಡಗಿದವು. ದಿನಕ್ಕೊಂದು, ಬೆಳಿಗ್ಗೆ ಹಾಲಿನವನು ಬಂದ ಹಾಗೆ. ನಾನು ಉಬ್ಬಿಹೋದೆ. ಊರಿಂದ ಫೋನ್ ಮಾಡಿದವರಿಗೆಲ್ಲ ಹೇಳಿಕೊಂಡೆ: ಇವರನ್ನು ಕೇಳದೆ ಅಲ್ಲಿ ಒಂದು ಚಕ್ರ ಉರುಳುವುದಿಲ್ಲ. ಅದೇ ಸಮಯಕ್ಕೆ ಆಸ್ಪತ್ರೆಯವರು ಇನ್ನು ಬರುವುದು ಬೇಡ, ಆಗುವಷ್ಟು ಆಗಿದೆ ಅಂದಿದ್ದರು. ಯಾರಿಗೆ ಬೇಕು ನಿಮ್ಮ ಆಸ್ಪತ್ರೆ, ಇವರ ಔಷಧಿ ನನ್ನ ಫೋನಿನಲ್ಲಿದೆ ಅಂತ ಮನಸ್ಸಿನಲ್ಲೇ ಬೈದುಕೊಂಡು ಆಟೋ ಹತ್ತಿಸಿದೆ.

ಆದರೂ ಎಲ್ಲೋ ಒಂದು ಕಡೆ ಕಸಿವಿಸಿ. ಮೊದಲೆಲ್ಲ ಒಂದು ತೊಂದರೆ ಬಂದರೆ ವಾರಗಟ್ಟಲೆ ಜಗ್ಗುತ್ತಿತ್ತು. ಸಾರ್ ಹೇಳಿದ್ದು ಮಾಡಿದೆ, ಹೋಗಲಿಲ್ಲ, ಈಗೇನು? ಅದೂ ಮಾಡಿದೆ, ಈಗ ಬೇರೆ ಸದ್ದು. ಈಚೆಗೆ ಯಾರೂ ಮರುಪ್ರಶ್ನೆ ಕೇಳುತ್ತಲೇ ಇರಲಿಲ್ಲ. ಎಲ್ಲರ ಕಾರೂ ಒಂದೇ ಉತ್ತರಕ್ಕೆ ಗುಣ. ಹಳೆಯ ಕಾರು ಹಾಗೆಲ್ಲ ಒಂದೇ ಮಾತಿಗೆ ಬಗ್ಗುವ ಜಾತಿಯಲ್ಲ, ಇಷ್ಟು ವರ್ಷ ಅದರ ಜೊತೆ ಸಂಸಾರ ಮಾಡಿದವಳಿಗೆ ಅಷ್ಟೂ ತಿಳಿಯುವುದಿಲ್ಲವೇ. ತಿಳಿಯಿತು, ಆದರೆ ಒಪ್ಪಿಕೊಳ್ಳಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಮದುರೈನವರೊಬ್ಬರ ಪ್ರಶ್ನೆ ಬಂತು. ಎಂದಿನಂತೆ ರಾಗವಾಗಿ ಓದಿದೆ. ರೇಡಿಯೇಟರಿನ ನೀರು ಕಂದು ಬಣ್ಣಕ್ಕೆ ತಿರುಗಿದೆ, ಪೂರ್ತಿ ಖಾಲಿ ಮಾಡಿ ಹೊಸದು ತುಂಬಲೇ?

ಓದಿ ಮುಗಿಸಿದವಳು ಅದನ್ನೇ ಇನ್ನೊಮ್ಮೆ ನೋಡಿದೆ. ಆ ಕಾರಿಗೆ ರೇಡಿಯೇಟರೇ ಇಲ್ಲ. ಅದರ ಎಂಜಿನ್ ತಣ್ಣಗಾಗುವುದು ಗಾಳಿಯಿಂದ, ಒಂದು ಹನಿ ನೀರು ಬೇಡ. ಕಾರು ಓಡಿಸಲು ಬಾರದ ನನಗೂ ಇದು ಗೊತ್ತು, ಅದನ್ನು ಇಟ್ಟುಕೊಂಡವನಿಗೆ ಗೊತ್ತಿಲ್ಲದಿರುವುದು ಸಾಧ್ಯವೇ ಇಲ್ಲ. ನಮ್ಮವರ ಹಳೆಯ ಸಿಟ್ಟು ಎಲ್ಲಾದರೂ ಉಳಿದಿದ್ದರೆ ಈಗ ಹೊರಬರಬೇಕು ಅಂತ ಮುಖ ನೋಡಿದೆ. ಕಣ್ಣು ಮುಚ್ಚಿದ್ದರು. ಹುಬ್ಬು ಗಂಟಿಕ್ಕಿ, ಎಷ್ಟೋ ಹೊತ್ತು ಯೋಚಿಸಿ, ಹೆಬ್ಬೆರಳು ಎತ್ತಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯಿತು. ನಾನು ಹೌದು ಅಂತ ಟೈಪ್ ಮಾಡಿದೆ. ಕೈಮುಗಿದ ಚಿತ್ರಗಳು ಸಾಲಾಗಿ ಬಂದವು.

ಇವರನ್ನು ಹಾಸಿಗೆಗೆ ಸೇರಿಸಿ, ಬಾಲ್ಕನಿಗೆ ಹೋಗಿ, ಹೋಟೆಲ್ ಯಜಮಾನರಿಗೆ ಫೋನ್ ಮಾಡಿ ಬಾಯಿಗೆ ಬಂದದ್ದೆಲ್ಲ ಅಂದೆ. ನಮ್ಮನ್ನು ಏನಂದುಕೊಂಡಿದ್ದೀರಿ, ನಿಮ್ಮ ಭಾನುವಾರದ ತಮಾಷೆಗೆ ನನ್ನ ಗಂಡನೇ ಬೇಕಿತ್ತೇ ಅಂದೆ. ಅವರು ಪೂರ್ತಿ ಬೈಸಿಕೊಂಡರು. ಹಿಂದೆ ಲೋಟ ತಟ್ಟೆಗಳ ಸದ್ದು ಕೇಳುತ್ತಿತ್ತು. ಆಮೇಲೆ ನಿಧಾನವಾಗಿ ಬಾಯಿ ಬಿಟ್ಟರು.

‘ಅಕ್ಕ, ಡಾಕ್ಟ್ರ ಎಂಜಿನ್ ಅವತ್ತು ದಾರಿಯಲ್ಲೇ ಹಿಡ್ಕೊಂಡು ನಿಂತದ್ದು. ಕಾರು ಲಾರಿ ಮೇಲೆ ಹೋದದ್ದು. ಸಾರ್‌ಗೆ ಗೊತ್ತಾದ್ರೆ ತಡ್ಕೊಳ್ಳುದಿಲ್ಲ ಅಂತ ಡಾಕ್ಟ್ರೇ ಹೇಳಿದ್ರು, ಹೇಳುದು ಬೇಡ ಅಂತ. ಎಂತ ಮಾಡುದು ಮಾರಾಯ್ರೆ? ಕೇಳುದು ನಿಲ್ಸಿದ್ರೆ ಅವ್ರು ಕಾಯ್ತಾ ಕೂತಿರ್ತಾರೆ.’

ಉಳಿದದ್ದನ್ನು ನಾನೇ ಕೆದಕಿ ಕೇಳಿದೆ. ನಿಜವಾದ ತೊಂದರೆಗಳಿಗೆ ಬೇರೊಂದು ಗುಂಪು ಮಾಡಿಕೊಂಡಿದ್ದಾರೆ, ಅದರಲ್ಲಿ ನಾವಿಲ್ಲ. ಹಳೆಯ ಗುಂಪಿನಲ್ಲಿ ದಿನಕ್ಕೊಬ್ಬರು ಸರದಿಯಂತೆ ಒಂದು ಪ್ರಶ್ನೆ ಹಾಕುವುದು ಅಂತ ಇಡ್ಲಿ ತಿನ್ನುತ್ತಾ ತೀರ್ಮಾನವಾಗಿದೆ. ಪ್ರಶ್ನೆಗಳು ಮುಗಿದುಹೋಗಿ ಮದುರೈನವರು ಅವಸರದಲ್ಲಿ ಅದೇ ಕಾರಿನ ಹೊಸ ಮಾದರಿಯವರ ಗುಂಪಿನಿಂದ ಎತ್ತಿ ಹಾಕಿದ್ದಾರೆ. ಹೊಸದಕ್ಕೆ ರೇಡಿಯೇಟರ್ ಇದೆಯಂತೆ. ಇದರಲ್ಲಿ ಕೆಡುಕು ಎಲ್ಲೂ ಇರಲಿಲ್ಲ, ಅದೇ ನನಗೆ ಸಹಿಸಲಾಗಲಿಲ್ಲ. ಕೆಡುಕಾಗಿದ್ದರೆ ಬೈದು ಹಗುರಾಗುತ್ತಿದ್ದೆ. ಇನ್ನು ಮೇಲೆ ಒಂದೂ ಪ್ರಶ್ನೆ ಬೇಡ, ನಿಮ್ಮ ಭಿಕ್ಷೆ ನಮಗೆ ಬೇಡ ಅಂತ ಫೋನ್ ಇಟ್ಟೆ.

ಮರುದಿನ ಇವರು ಗಲ್ಲ ಒಡ್ಡಿ ಗಡ್ಡ ಹೆರೆಸಿಕೊಂಡು, ಶರ್ಟು ಹಾಕಿಸಿಕೊಂಡು ಕುರ್ಚಿಯಲ್ಲಿ ಕುಳಿತರು. ಫೋನ್ ಸುಮ್ಮನಿತ್ತು. ನೆಟ್ ಇಲ್ಲ ಅಂದೆ. ಅದೇ, ಅಂದರು. ಅದರ ಮರುದಿನವೂ ಕಾದರು. ಆಮೇಲೆ ಗಡ್ಡ ಹೆರೆಯಲು ಹೋದರೆ ಮುಖ ತಿರುಗಿಸಿದರು. ಊಟ ಬಾಯಲ್ಲೇ ನಿಂತಿರುತ್ತಿತ್ತು, ನುಂಗಿ ಅಂತ ಗಂಟಲು ಸವರಬೇಕಿತ್ತು.

ಆ ದಿನಗಳಲ್ಲೇ ಒಮ್ಮೆ ಕುರ್ಚಿ ಎಳೆದುಕೊಂಡು ಎದುರು ಕುಳಿತೆ. ಗುಂಪಿನವರು ಯಾರೂ ಕೇಳದ, ನಾನೂ ಅಲ್ಲಿಯವರೆಗೆ ಬಾಯಿ ಬಿಡದ ಒಂದು ವಿಷಯವಿತ್ತು. ನಮ್ಮ ಕಾರು. ಸ್ಟ್ರೋಕ್ ಆದಾಗಿನಿಂದ ಅದು ಕೆಳಗೆ ಹೊದಿಕೆಯಡಿ ನಿಂತೇ ಇದೆ, ವೈರುಗಳನ್ನು ಇಲಿ ತಿಂದಿದೆ.

‘ಏನ್ರೀ, ನಮ್ಮ ಕಾರು ಮಾರಿಬಿಡೋಣವಾ?’

ಹೆಬ್ಬೆರಳು ಎದ್ದಿತು. ಆ ಕಾರಿಗಾಗಿ ನನ್ನ ಜೊತೆ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದ ಮನುಷ್ಯ ಇವರು.

‘ಮಾರೋದು ಬೇಡ, ಇಟ್ಕೊಳೋಣ. ಹಂಗಾ?’

ಹೆಬ್ಬೆರಳು ಎದ್ದಿತು. ಅಷ್ಟೇ ಯೋಚಿಸಿ, ಅಷ್ಟೇ ಗಂಭೀರವಾಗಿ. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಮಗಳು ಅವತ್ತು ಬಾಗಿಲಲ್ಲಿ ನಿಂತು ಹೇಳಿದ್ದು ಸುಳ್ಳಾಗಿರಲಿಲ್ಲ. ಗುಂಪಿನವರಿಗೆ ಗೊತ್ತು, ಮಗಳಿಗೆ ಗೊತ್ತು, ಆಸ್ಪತ್ರೆಯವರಿಗೆ ಗೊತ್ತು. ಮೊದಲ ದಿನದ ಪೆಟ್ರೋಲ್ ಜಾಲರಿ ನಿಜವೋ, ಯಜಮಾನರು ಸಂಜೆ ಫೋನ್ ಮಾಡಿದ್ದೂ ಕನಿಕರವೋ, ಅದನ್ನು ಮಾತ್ರ ನಾನು ಇವತ್ತಿಗೂ ಕೇಳಿಲ್ಲ. ಕೇಳುವ ಧೈರ್ಯ ನನಗಿಲ್ಲ.

ಕೊನೆಗೆ ನಾನೇ ಎಗ್ಮೋರಿಗೆ ಫೋನ್ ಮಾಡಿದೆ. ಮೊದಲಿನ ಹಾಗೇ ನಡೆಸಿ, ಆದರೆ ಪ್ರಶ್ನೆ ನಾನು ಕೊಡುತ್ತೇನೆ, ಸರದಿಯವರು ಅದನ್ನೇ ಹಾಕಲಿ, ರೇಡಿಯೇಟರ್ ಗೀಡಿಯೇಟರ್ ಅಂತ ಮರ್ಯಾದೆ ತೆಗೆಯುವುದು ಬೇಡ ಅಂದೆ. ಯಜಮಾನರು ಆಯ್ತಕ್ಕ ಅಂದರು. ಈಗ ಮಧ್ಯಾಹ್ನ ಇವರು ಮಲಗಿದಾಗ ನಾನು ಪ್ರಶ್ನೆ ಕಟ್ಟುತ್ತೇನೆ. ವಾಲ್ವ್, ಪಾಯಿಂಟ್, ಕ್ಲಚ್, ಎಲ್ಲವೂ ತಪ್ಪಿಲ್ಲದಂತೆ. ಅದು ಎಗ್ಮೋರಿಗೆ ಹೋಗಿ, ಅಲ್ಲಿಂದ ಒಬ್ಬರ ಕೈಗೆ ಹೋಗಿ, ಬೆಳಿಗ್ಗೆ ನನ್ನ ಫೋನಿಗೇ ಬರುತ್ತದೆ. ನಾನೇ ಓದುತ್ತೇನೆ, ನಾನೇ ಹೌದು ಅಂತ ಬರೆಯುತ್ತೇನೆ. ಇವರು ಮತ್ತೆ ಗಡ್ಡ ಹೆರೆಸಿಕೊಳ್ಳುತ್ತಿದ್ದಾರೆ, ಊಟ ನುಂಗುತ್ತಿದ್ದಾರೆ. ಇಷ್ಟಕ್ಕೆ ಸಂತೋಷಪಡಬೇಕು ಅಂತ ಊರವರು ಹೇಳುತ್ತಾರೆ.

ಇವತ್ತು ಬೆಳಿಗ್ಗೆ ಕನ್ನಡಕ ಎಲ್ಲಿಟ್ಟೆ ಅಂತ ತಡಕಾಡುತ್ತಿದ್ದೆ. ಫೋನ್ ಮೇಜಿನ ಮೇಲೆ ಮಗುಚಿಕೊಂಡಿತ್ತು. ತಲೆ ಎತ್ತಿದರೆ ಇವರ ಹೆಬ್ಬೆರಳು ಆಗಲೇ ಮೇಲಿತ್ತು. ಕಣ್ಣು ಮುಚ್ಚಿರಲಿಲ್ಲ, ಯೋಚಿಸುತ್ತಿರಲಿಲ್ಲ. ನನ್ನನ್ನೇ ನೋಡುತ್ತಾ, ಮಗುವಿಗೆ ಸಮಾಧಾನ ಮಾಡುವ ಹಾಗೆ, ಹೆಬ್ಬೆರಳನ್ನು ಎತ್ತಿ ಹಿಡಿದೇ ಇದ್ದರು. ನಾನಿನ್ನೂ ಪ್ರಶ್ನೆ ಓದಿರಲಿಲ್ಲ. ಕನ್ನಡಕ ಸಿಕ್ಕಿದ ಮೇಲೆ ಎದುರು ಕುಳಿತು ಪ್ರಶ್ನೆಯನ್ನು ಪೂರ್ತಿ ಓದಿ ಹೇಳಿದೆ.